ಕಿಲುಬು ತೆಗೆದವರು

ಸ್ವಾನೆಕೆ, ಬಾರ್ನ್‌ಹೋಮ್ ದ್ವೀಪ
24 ಅಕ್ಟೋಬರ್ 1993

ಆಸ್ಟಾ,

ನೀನು ಕ್ಷೇಮವಾಗಿ ತಲುಪಿದೆಯಾ, ಹೊಸ ಗಂಡನ ಮನೆ ಹೇಗಿದೆ ಎಂದೆಲ್ಲ ಮೊದಲು ವಿಚಾರಿಸಬೇಕಿತ್ತು. ವಿಚಾರಿಸುವುದಿಲ್ಲ. ಮೊದಲು ನಿನ್ನ ಬೂದುಬಣ್ಣದ ಕೋಟಿನ ಜೇಬಿಗೆ ಕೈಹಾಕು. ಸಿಕ್ಕಿತೇ? ಹೆಬ್ಬೆರಳ ಉಗುರಿನಷ್ಟು ಅಗಲದ, ಹಸಿರು ಕಿಲುಬು ಹಿಡಿದ, ಒಂದು ಮುಖದಲ್ಲಿ ಎರಡು ಉಬ್ಬುಗಳಿರುವ ಆ ಲೋಹದ ಚೂರು? ಅಲ್ಲೇ ಇರುತ್ತದೆ. ಇಲ್ಲಿ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬುಡಮೇಲು ಮಾಡಿ ಹುಡುಕಿಯಾಯಿತು.

ಮಾರ್ಕರನ ಹೊಲದಲ್ಲಿ ಆ ಕೊನೆಯ ಮಧ್ಯಾಹ್ನ ನಡೆದದ್ದನ್ನು ನೀನು ಮರೆತಿರಬಹುದು, ಮದುವೆಯ ಗಡಿಬಿಡಿಯಲ್ಲಿದ್ದೆ. ನೆನಪಿಸುತ್ತೇನೆ. ಸದ್ದು ಬಂದದ್ದು ಲೋಹ ಹುಡುಕುವ ನನ್ನ ಡಿಟೆಕ್ಟರಿನಲ್ಲಿ. ನನ್ನ ಮಂಡಿ ಬಗ್ಗುವುದಿಲ್ಲವೆಂದು ನೀನು ಕೂತು ಅಗೆದೆ. "ಬಾಟ್ಲಿ ಮುಚ್ಚಳ ಕಣೇ, ಬಿಟ್ಟಾಕು" ಅಂದವಳು ನೀನು. "ಮುಚ್ಚಳ ಇಷ್ಟು ತೂಕ ಇರುತ್ತೇನೇ?" ಅಂದವಳು ನಾನು. ಅಷ್ಟರಲ್ಲಿ ಮಳೆ ಹುಯ್ಯಿತು, ಇಬ್ಬರೂ ಓಡಿದೆವು, ಬೆಳಗಾದರೆ ನೀನು ಹಡಗು ಹತ್ತಿದ್ದೆ.

ನನ್ನ ಆಸೆ ನಿನಗೆ ಗೊತ್ತಿಲ್ಲದ್ದಲ್ಲ. ಮೀನಿಗೆ ಹೊಗೆ ಹಾಕುವ ಕೆಲಸ ಬಿಟ್ಟ ಮೇಲೆ ಈ ಯಂತ್ರ ಹಿಡಿದು ದ್ವೀಪದ ಹೊಲಹೊಲ ಅಲೆದಿದ್ದೇನೆ. ಸಿಕ್ಕಿದ್ದು ಬಿಯರ್ ಮುಚ್ಚಳ, ಟ್ರ್ಯಾಕ್ಟರಿನ ನಟ್ಟು, ಯಾರದೋ ಹಲ್ಲಿನ ಸೆಟ್ಟು. ಯಂತ್ರ ಹಿಡಿದು ಹುಡುಕುವವರ ನಮ್ಮ ಸಂಘದ ಗಂಡಸರಿಗೆ ನಾವಿಬ್ಬರು ಇವತ್ತಿಗೂ 'ಕಾಫಿ ಅಕ್ಕಂದಿರು'. ಅವರಲ್ಲಿ ಆ ಐನಾರನ ಹೆಸರು ಮ್ಯೂಸಿಯಂನ ಗಾಜಿನ ಕೆಳಗೆ ನಾಲ್ಕಾರು ಕಡೆ ಇದೆ. ನನಗೆ ನಾಲ್ಕಾರು ಬೇಡ. ಒಂದೇ ಒಂದು ವಸ್ತುವಿನ ಕೆಳಗೆ 'ಪತ್ತೆ ಮಾಡಿದವರು: ಥೋರಾ ಕೋಫೋಡ್' ಎಂದಿರಬೇಕು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಕಳಿಸು. ನೆಲದಡಿ ಸಿಕ್ಕ ಹಳೆಯ ಲೋಹವೆಲ್ಲ ಕಾನೂನಿನಂತೆ ರಾಣಿಯ ಸೊತ್ತು, ನಿನ್ನ ಜೇಬಿನದಲ್ಲ. ಫೋನು ಮಾಡೋಣವೆಂದರೆ ನಿನ್ನ ವಿಗ್ಗೋ ಎತ್ತಿಕೊಂಡು ಹವಾಮಾನ ಶುರುಮಾಡುತ್ತಾನೆ. ಅದಕ್ಕೇ ಈ ಪತ್ರ.

ಸದ್ಯಕ್ಕೆ ಗೆಳತಿ,
ಥೋರಾ


ಫ್ರೆಡರಿಕ್ಸ್‌ಹಾವ್ನ್
3 ನವೆಂಬರ್ 1993

ಪ್ರೀತಿಯ ಥೋರಾ,

ಜೇಬಿನಲ್ಲೇ ಇತ್ತು. ಕರವಸ್ತ್ರ ತೆಗೆದಾಗ ನೆಲಕ್ಕೆ ಬಿತ್ತು. ಬೇಕೆಂದು ತಂದದ್ದಲ್ಲ. ನಂಬುವುದಾದರೆ ನಂಬು.

ನಾನು ಕ್ಷೇಮ. ನೀನು ಕೇಳದಿದ್ದರೂ ಹೇಳುತ್ತಿದ್ದೇನೆ. ಮನೆ ಬೆಚ್ಚಗಿದೆ. ವಿಗ್ಗೋ ಒಳ್ಳೆಯವನು, ಮಾತು ಸ್ವಲ್ಪ ಜಾಸ್ತಿ. ಹಡಗಿನ ಇಂಜಿನ್ ಕೋಣೆಯಲ್ಲಿ ಇಷ್ಟು ವರ್ಷ ಯಾರಿಗೂ ಕೇಳಿಸದೆ ಹೋದದ್ದನ್ನೆಲ್ಲ ಈಗ ನನಗೆ ಹೇಳುತ್ತಿದ್ದಾನೆ. ನಿನ್ನ ಚೂರನ್ನು ಕಂಡವನೇ ಕನ್ನಡಕ ಏರಿಸಿದ. "ಇದು ಹಳೇ ಪಂಪಿಗೆ ಹೊಡೀತಿದ್ದ ಕಂಪನಿ ಬಿಲ್ಲೆ ಕಣೇ. ಇಂಥವು ನೂರು ನೋಡಿದೀನಿ" ಅಂದ. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕುದುರೆಯ ಜೀನಿನದು ಅಂದರು. ಬ್ರೆಡ್ ಅಂಗಡಿಯವಳು "ಅಯ್ಯೋ, ನಮ್ಮ ಅಜ್ಜಿ ಕೋಟಿನ ಗುಂಡಿ ಹೀಗೇ ಇತ್ತು" ಅಂತ ಕಣ್ಣೀರು ಹಾಕಿದಳು. ನನಗೆ ಕೇಳಿದರೆ ಅದು ಹಳೆಯ ಪ್ರಾರ್ಥನೆ ಪುಸ್ತಕದ ಕೊಂಡಿ. ನಮ್ಮ ಚರ್ಚಿನ ದೀಪ, ಮೇಣದಬತ್ತಿಯ ಕಂಬ, ಬಟ್ಟಲುಗಳನ್ನೆಲ್ಲ ಇಷ್ಟು ಕಾಲ ಉಜ್ಜಿದವಳು ನಾನು. ದೇವರ ಮನೆಯ ಲೋಹ ಕೈಗೆ ಬಂದರೆ ನನಗೆ ತಿಳಿಯುತ್ತದೆ. ಆ ಹಸಿರು ಕೊಳಕು ಮಾತ್ರ ನೋಡಲಾಗುವುದಿಲ್ಲ.

ಇನ್ನು, ಸದ್ದು ಮಾಡಿದ್ದು ನಿನ್ನ ಯಂತ್ರ, ಒಪ್ಪಿದೆ. ಸದ್ದು ಕೇಳಿ ಅದೇನು ತಾನಾಗಿ ಎದ್ದು ಬಂತೇ? ಮಂಡಿಯವರೆಗೆ ಕೆಸರು ಮಾಡಿಕೊಂಡವರು ಯಾರು?

ಕಳಿಸುತ್ತೇನೆ. ಅವಸರವೇನು? ಅಲ್ಲಿ ಅಷ್ಟು ಕಾಲ ಮಲಗಿತ್ತಲ್ಲ.

ನಿನ್ನ
ಆಸ್ಟಾ


ಸ್ವಾನೆಕೆ
15 ನವೆಂಬರ್ 1993

ಆಸ್ಟಾ,

ಊರಿನ ಬ್ರೆಡ್ ಅಂಗಡಿಯವರೆಗೂ ತೋರಿಸಿಯಾಯಿತಲ್ಲ, ಇನ್ನು ಬಸ್ ನಿಲ್ದಾಣದಲ್ಲಿ ಒಂದು ಮೇಜು ಹಾಕಿಕೊಂಡು ಕೂತುಬಿಡು. ಹೋಗಿಬರುವವರೆಲ್ಲ ಒಂದೊಂದು ಹೆಸರು ಇಟ್ಟು ಹೋಗಲಿ.

ಕೊಂಡಿಯಂತೆ! ಕೊಂಡಿಗೆ ಸಿಕ್ಕಿಸಲು ತೂತು ಬೇಡವೇ? ಕೊಕ್ಕೆ ಬೇಡವೇ? ಪಂಪಿನ ಬಿಲ್ಲೆಯಾದರೆ ಅಕ್ಷರ ಎಲ್ಲಿ? ಗುಂಡಿಯಾದರೆ ದಾರ ಪೋಣಿಸುವುದು ಎಲ್ಲಿಂದ? ಹಿಂಬದಿ ನುಣ್ಣಗಿದೆ, ಮುಂಬದಿ ಉಬ್ಬಿದೆ, ಎಲ್ಲಿಗೂ ಅಂಟಿಸಿದ ಗುರುತಿಲ್ಲ. ಮಳೆ ಶುರುವಾಗುವ ಮೊದಲು ನಾನು ಅಷ್ಟನ್ನಾದರೂ ನೋಡಿದ್ದೆ.

ಯಾರ ಯಂತ್ರ ಸದ್ದು ಮಾಡಿತೋ ಪತ್ತೆ ಅವರದು. ಸಂಘದ ನಿಯಮ ಇದು. ನಿನಗೂ ಓದಿ ಹೇಳಿದ್ದಾರೆ, ನೀನು ಆಗ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಕೆಸರಿನ ಲೆಕ್ಕ ಹಿಡಿದರೆ ದ್ವೀಪದ ಹಂದಿಗಳೆಲ್ಲ ಮ್ಯೂಸಿಯಂ ಸೇರಬೇಕಾಗುತ್ತದೆ.

ನಿನ್ನೆ ಮಾರ್ಕರ್ ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ. "ಏನ್ ಥೋರಕ್ಕ, ಸಿಕ್ಕಿದ್ದೆಲ್ಲಾ ಮ್ಯೂಸಿಯಂಗೆ ಕೊಡ್ತೀವಿ ಅಂತ ತಾನೇ ನನ್ನ ಹೊಲಕ್ಕಿಳಿದಿದ್ದು? ಆ ಚೂರು ಎಲ್ಲೋಯ್ತು?" ಎಂದ. "ಪ್ರವಾಸ ಹೋಗಿದೆ" ಅಂದೆ. "ಬಂದ್ಮೇಲೆ ಹೇಳಿ. ಅಲ್ಲೀತಂಕ ಹೊಲದ್ ಕಡೆ ಬರೋದು ಬೇಡ" ಅಂದ. ಒಳ್ಳೆಯವನು, ಆದರೆ ಅಂದರೆ ಅಂದದ್ದೇ. ಉತ್ತ ಹೊಲ ಎದುರಿಗೆ ಬಿದ್ದಿದೆ, ಬಿತ್ತನೆಗೆ ಇನ್ನೂ ಕಾಲವಿದೆ, ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೇನೆ. ಎಲ್ಲ ನಿನ್ನ ಜೇಬಿನ ದೆಸೆಯಿಂದ.

ಥೋರಾ


ಸ್ವಾನೆಕೆ
28 ನವೆಂಬರ್ 1993

ಆಸ್ಟಾ, ಜಗಳವೆಲ್ಲ ಆಮೇಲೆ. ಇದನ್ನು ಓದಿದ ಕೂಡಲೇ ಕೈ ತೊಳೆದುಕೊಂಡು ಸುಮ್ಮನೆ ಕೂತುಕೋ.

ಮೊನ್ನೆ ಸಂಘದಲ್ಲಿ ಚಿತ್ರ ತೋರಿಸಿದರು. ನಮ್ಮ ದ್ವೀಪದಲ್ಲೇ ಸಿಕ್ಕ ಚಿನ್ನದ ರೇಕುಗಳು. ಉಗುರಿಗಿಂತ ಚಿಕ್ಕವು, ಊದಿದರೆ ಹಾರುವಷ್ಟು ತೆಳು. ಒಂದೊಂದರ ಮೇಲೂ ಒತ್ತಿದ ಮನುಷ್ಯರು. ಒಂದರಲ್ಲಿ ಗಂಡೂ ಹೆಣ್ಣೂ ಎದುರುಬದುರು ನಿಂತು ತೋಳು ಹಿಡಿದಿದ್ದಾರೆ. ಹಿಂದಿನ ಕಾಲದವರು ದೇವರಿಗೋ ದೊರೆಗೋ ಇವನ್ನು ಒಪ್ಪಿಸುತ್ತಿದ್ದರಂತೆ. "ರೇಕು ಬೇಕಾದಷ್ಟು ಸಿಕ್ಕಿವೆ. ಒತ್ತೋ ಅಚ್ಚು ಸಿಗೋದೇ ಅಪರೂಪ. ಕಂಚಿಂದು, ಹಿಂದೆ ನುಣ್ಣಗೆ, ಮುಂದೆ ಉಬ್ಬು" ಎಂದು ಚಿತ್ರ ತೋರಿಸಲು ಮ್ಯೂಸಿಯಂನಿಂದ ಬಂದಿದ್ದವರು ಹೇಳಿದರು. ನನ್ನ ಮೈ ಜುಮ್ಮೆಂದಿತು. ಪಕ್ಕದಲ್ಲಿ ಹೇಳಿಕೊಳ್ಳಲು ನೀನೂ ಇರಲಿಲ್ಲ.

ಅಚ್ಚಿನಲ್ಲಿರುವ ಕೂದಲೆಳೆಯಂಥ ಗೆರೆಗಳನ್ನು ರೇಕಿನ ಗೆರೆಗಳಿಗೆ ಹೋಲಿಸಿ, ಈ ರೇಕು ಈ ಅಚ್ಚಿನದೇ ಎಂದು ಹೇಳಬಹುದಂತೆ. ಆ ಗೆರೆಗಳೆಲ್ಲ ಈಗ ಕಿಲುಬಿನ ಕೆಳಗೆ ಭದ್ರವಾಗಿವೆ. ಆದ್ದರಿಂದ ತೊಳೆಯಬೇಡ, ಒರೆಸಬೇಡ, ಬೆರಳಿನಿಂದ ಸವರಲೂ ಬೇಡ. ಹತ್ತಿಯಲ್ಲಿಟ್ಟು ಡಬ್ಬಿಗೆ ಹಾಕಿ ಕಳಿಸು. ನಿನ್ನ ಕಾಲಿಗೆ ಬೀಳುತ್ತೇನೆ, ಮಂಡಿ ಬಗ್ಗದಿದ್ದರೂ.

ಥೋರಾ


ಫ್ರೆಡರಿಕ್ಸ್‌ಹಾವ್ನ್
5 ಡಿಸೆಂಬರ್ 1993

ಪ್ರೀತಿಯ ಥೋರಾ,

ನಿನ್ನ ಪತ್ರವನ್ನು ವಿಗ್ಗೋ ಎದುರಿಗೆ ಓದಲಾಗಲಿಲ್ಲ. ಸ್ನಾನದ ಮನೆಗೆ ಹೋಗಿ ಓದಿದೆ.

ಹೇಗೆ ಹೇಳಲಿ? ಅದು ಈಗ ಬಹಳ ಚೆನ್ನಾಗಿ ಹೊಳೆಯುತ್ತಿದೆ.

ನಿನಗೆ ಗೊತ್ತು, ಶನಿವಾರ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಭಾನುವಾರ ಜನ ಬರುವಷ್ಟರಲ್ಲಿ ಚರ್ಚಿನ ಹಿತ್ತಾಳೆಯೆಲ್ಲ ಥಳಥಳ ಅನ್ನಬೇಕು, ಅದು ನನ್ನ ಕೆಲಸವಾಗಿತ್ತು. ಇಲ್ಲಿ ಚರ್ಚಿಗೆ ಬೇರೆಯವಳು ಇದ್ದಾಳೆ. ವಿಗ್ಗೋನ ಮನೆಯಲ್ಲಿ ಎರಡು ಮೇಣದಬತ್ತಿಯ ಕಂಬ ಬಿಟ್ಟರೆ ಉಜ್ಜಲು ಏನೂ ಇಲ್ಲ. ಆ ಕಂಬಗಳ ಜೊತೆ ಇದನ್ನೂ ಇಟ್ಟುಕೊಂಡೆ. ನಿನಗೆ ಮೊದಲ ಪತ್ರ ಬರೆದ ವಾರದ ಶನಿವಾರವೇ ಹಸಿರು ಹೋಯಿತು. ಆಮೇಲೆ ಪ್ರತಿ ಶನಿವಾರ ಒಂದಿಷ್ಟು ಪಾಲಿಶ್ ಪುಡಿ, ಒಂದಿಷ್ಟು ಹಳೆಯ ಫ್ಲಾನೆಲ್ ಬಟ್ಟೆ. ಮ್ಯೂಸಿಯಂನವರಿಗೆ ಕೊಡುವ ವಸ್ತುವಲ್ಲವೇ? ಮುಖ ತೊಳೆಸದ ಮಗುವನ್ನು ಪಾದ್ರಿಯ ಎದುರಿಗೆ ಕರೆದೊಯ್ಯುತ್ತೀಯಾ?

ಎರಡು ಉಬ್ಬು ಇಬ್ಬರು ಮನುಷ್ಯರೇ. ಎದುರುಬದುರು ನಿಂತಿದ್ದಾರೆ. ಮೊದಲು ಕಣ್ಣು ಮೂಗು ಇದ್ದ ಹಾಗೆ ನೆನಪು.

ಆಸ್ಟಾ


ಸ್ವಾನೆಕೆ
9 ಡಿಸೆಂಬರ್ 1993

ಆಸ್ಟಾ,

ಸಾವಿರಕ್ಕೂ ಮಿಕ್ಕಿ ವರ್ಷ ಮಣ್ಣು ಅದನ್ನು ಕಾಪಾಡಿತು. ನೇಗಿಲು ಕಾಪಾಡಿತು, ಮಾರ್ಕರನ ಗೊಬ್ಬರ ಕಾಪಾಡಿತು. ನಿನ್ನ ಕೈಗೆ ಸಿಕ್ಕಿ ಒಂದು ಕ್ರಿಸ್‌ಮಸ್ ಕಾಣಲಿಲ್ಲ.

ನನಗೆ ಬರೆಯಬೇಡ.

ಥೋರಾ


ಫ್ರೆಡರಿಕ್ಸ್‌ಹಾವ್ನ್
20 ಜನವರಿ 1994

ಥೋರಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಕ್ರಿಸ್‌ಮಸ್‌ಗೆ ಕಳಿಸಿದ ಬಿಸ್ಕತ್ತಿನ ಡಬ್ಬಿ ಬಿಚ್ಚದೆಯೇ ವಾಪಸು ಬಂತು. ಅಂಚೆಯವನು "ಅಮ್ಮ, ಅಡ್ರೆಸ್ ಸರಿಯಾಗೇ ಇದೆ, ಅವ್ರೇ ಬೇಡ ಅಂದ್ರಂತೆ" ಎಂದು ತಲೆ ಕೆರೆದುಕೊಂಡ. ವಿಗ್ಗೋ ಅದನ್ನು ಎರಡು ದಿನದಲ್ಲಿ ಮುಗಿಸಿದ. "ಒಳ್ಳೇ ಗೆಳತಿ ಕಣೇ ನಿಂಗೆ, ಹೀಗೇ ಜಗಳ ಇಟ್ಕೊಂಡಿರು" ಅಂದ. ಮದುವೆಯಾದ ಮೇಲೆ ಮೊದಲ ಸಲ ಅವನ ಮೇಲೆ ಕೂಗಾಡಿದೆ.

ಕಳೆದ ವಾರ ರೈಲು ಹಿಡಿದು ರಾಜಧಾನಿಗೆ ಹೋಗಿ ಆ ಅಚ್ಚನ್ನು ಮ್ಯೂಸಿಯಂಗೆ ಒಪ್ಪಿಸಿ ಬಂದೆ. ಅಂಚೆಗೆ ಹಾಕಲು ಧೈರ್ಯ ಬರಲಿಲ್ಲ. ಕ್ರಾಗ್ ಎಂಬ ಒಬ್ಬರು ಇದ್ದರು, ಮೆಲುಮಾತಿನ ಮನುಷ್ಯ. ಭೂತಕನ್ನಡಿ ಹಿಡಿದು ನೋಡಿದರು, ದೀಪ ಹತ್ತಿರ ಎಳೆದುಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಎಲ್ಲಿ ಸಿಕ್ತು?" ಅಂದರು, ಮಾರ್ಕರನ ಹೊಲ ಅಂದೆ. "ಯಾರಿಗೆ ಸಿಕ್ತು?" ಅಂದರು. "ಥೋರಾ ಕೋಫೋಡ್. ಸದ್ದು ಬಂದಿದ್ದು ಅವಳ ಯಂತ್ರದಲ್ಲಿ. ಬಾಟ್ಲಿ ಮುಚ್ಚಳ ಅಲ್ಲ ಅಂತ ಹೇಳಿದ್ದೂ ಅವಳೇ" ಅಂದೆ. ಬರೆದುಕೊಂಡರು. ಇನ್ನೂ ಏನೋ ಕೇಳಿದರು, ನನಗೆ ರೈಲಿಗೆ ಹೊತ್ತಾಗಿತ್ತು, ಹೊರಟುಬಂದೆ.

ನಾನು ಯಾಕೆ ಅಷ್ಟು ದಿನ ಕಳಿಸಲಿಲ್ಲ ಎಂದು ನೀನು ಕೇಳಲೇ ಇಲ್ಲ. ಬೈದೆ, ಕೇಳಲಿಲ್ಲ. ಅದು ನನ್ನ ಹತ್ತಿರ ಇರುವವರೆಗೆ ನಿನ್ನ ಪತ್ರ ಬರುತ್ತಿತ್ತು. ಕೊಟ್ಟುಬಿಟ್ಟರೆ ನೀನು ಬರೆಯುತ್ತೀಯೋ ಇಲ್ಲವೋ ಎಂದು ನನಗೆ ಹೆದರಿಕೆ ಇತ್ತು. ಈಗ ಕೊಟ್ಟಾಯಿತು.

ಆಸ್ಟಾ


ಸ್ವಾನೆಕೆ
2 ಮಾರ್ಚ್ 1994

ಆಸ್ಟಾ,

ಅಭಿನಂದನೆ ಹೇಳು. ನನ್ನ ಹೆಸರು ಬಂದಿದೆ.

ಮ್ಯೂಸಿಯಂನವರು ಗಾಜಿನ ಕೆಳಗಿಡುವ ಚೀಟಿಯದು ನನಗೊಂದು, ಸಂಘಕ್ಕೊಂದು ಪ್ರತಿ ಕಳಿಸಿದ್ದಾರೆ. ನಿನಗಾಗಿ ಇಳಿಸಿಕೊಡುತ್ತೇನೆ: 'ಚಿನ್ನದ ರೇಕಿನ ಮೇಲೆ ಚಿತ್ರ ಒತ್ತುವ ಕಂಚಿನ ಅಚ್ಚು, ಸುಮಾರು ಆರನೆಯ ಶತಮಾನ. ಬಹಳ ಅಪರೂಪದ ವಸ್ತು. ಪತ್ತೆ ಮಾಡಿದವರು: ಶ್ರೀಮತಿ ಥೋರಾ ಕೋಫೋಡ್. ಸಿಕ್ಕಿದ ನಂತರ ಪತ್ತೆ ಮಾಡಿದವರು ಪಾಲಿಶ್ ಪುಡಿಯಿಂದ ಪದೇ ಪದೇ ಉಜ್ಜಿರುವುದರಿಂದ ಮುಖ, ಕೈ, ಉಡುಪಿನ ಸೂಕ್ಷ್ಮ ಗೆರೆಗಳು ಅಳಿದುಹೋಗಿವೆ. ಯಾವ ರೇಕು ಇದರಿಂದ ಒತ್ತಿದ್ದೆಂದು ಹೇಳುವುದು ಇನ್ನು ಸಾಧ್ಯವಿಲ್ಲ.'

ಓದಿದೆಯಾ? ಇನ್ನೊಮ್ಮೆ ಓದು. ಐನಾರ್ ಇದನ್ನು ಸಂಘದಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿದ. ಮೊದಲ ಸಾಲಿಗೆ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು ಕಣೇ. ನನ್ನ ಮುಖ ಇಷ್ಟಗಲವಾಗಿತ್ತು. ಆಮೇಲಿನ ಸಾಲಿಗೆ ಚಪ್ಪಾಳೆ ಹಾಗೇ ನಿಂತುಹೋಯಿತು. ಹಿಂದಿನಿಂದ ಯಾರೋ "ಕಾಫಿ ಲೋಟದ ಜೊತೆ ಬೆಳಗಿಟ್ಟಿರ್ಬೇಕು ಅಕ್ಕ" ಅಂದರು. ಇಡೀ ಕೋಣೆ ನಕ್ಕಿತು. ಐನಾರ್ ಮಾತ್ರ ನಗಲಿಲ್ಲ. "ಇಷ್ಟು ವರ್ಷ ಹೇಳಿಕೊಟ್ಟಿದ್ದು ಇಷ್ಟಕ್ಕೇನಾ ಥೋರಾ?" ಅಂದ. ಅದೇ ಹೆಚ್ಚು ನೋವಾಯಿತು.

ಉಜ್ಜಿದ್ದು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ನಿನ್ನ ಚರ್ಚಿನವರು. ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಬೇಡ, ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಆ ಕ್ರಾಗ್ ಕೇಳಿದ 'ಇನ್ನೂ ಏನೋ' ಏನು? ರೈಲಿಗೆ ಹೊತ್ತಾಗಿತ್ತಂತೆ!

ಥೋರಾ


ಫ್ರೆಡರಿಕ್ಸ್‌ಹಾವ್ನ್
8 ಮಾರ್ಚ್ 1994

ಥೋರಾ,

"ಇದನ್ನ ಯಾರು ಉಜ್ಜಿದ್ದು?" ಎಂದು ಕೇಳಿದರು. ಅದೇ 'ಇನ್ನೂ ಏನೋ'. ಬೈಯುವ ದನಿಯಲ್ಲಿ ಕೇಳಿದ್ದರೆ ಜಗಳವಾಡಿ ಹೇಳುತ್ತಿದ್ದೆ. ಅಷ್ಟು ಮೆಲ್ಲಗೆ, ಯಾರೋ ಸತ್ತ ಮನೆಯಲ್ಲಿ ಕೇಳುವ ಹಾಗೆ ಕೇಳಿದರು. ಕೈಚೀಲ ಎತ್ತಿಕೊಂಡು ಬಂದುಬಿಟ್ಟೆ. ನಿನ್ನ ಹೆಸರಿಗೆ ಅಂಟೀತು ಎಂದು ನನಗೆ ಹೊಳೆಯಲಿಲ್ಲ.

ನನಗೆ ಈ ಲೋಕದಲ್ಲಿ ಬರುತ್ತಿದ್ದ ಕೆಲಸ ಒಂದೇ. ಬೀಳ್ಕೊಡುವ ದಿನ ಪಾದ್ರಿಯವರು ಎಲ್ಲರ ಎದುರು ಹೇಳಿದ್ದೂ ಅದನ್ನೇ, ನೀನೂ ಅಲ್ಲಿದ್ದೆ. ಆ ಕೆಲಸದಿಂದಲೇ ಇಂಥದ್ದಾಯಿತು ಎಂದರೆ ನಂಬಲಾಗುತ್ತಿಲ್ಲ. ಶನಿವಾರ ಬಂದರೆ ಈಗ ಕಂಬಗಳನ್ನೂ ಮುಟ್ಟುವುದಿಲ್ಲ. ವಿಗ್ಗೋ ಮಾತಾಡದೆ ತಾನೇ ಉಜ್ಜುತ್ತಾನೆ, ಕೆಟ್ಟದಾಗಿ.

ಇರಲಿ. ಭಾನುವಾರ ಕೂತು ಕ್ರಾಗ್ ಅವರಿಗೆ ಎಲ್ಲ ಬರೆಯುತ್ತೇನೆ. ಹುಡುಕಿದವಳು ಥೋರಾ, ಹಾಳು ಮಾಡಿದವಳು ಚರ್ಚಿನ ಹಿತ್ತಾಳೆ ಉಜ್ಜುತ್ತಿದ್ದ ಆಸ್ಟಾ ಎಂದು. ಊರಿನವರೂ ಓದಿಕೊಳ್ಳಲಿ. ನಿನ್ನ ಹೆಸರು ಒಂದೇ, ಚೊಕ್ಕಟವಾಗಿ ಇರಲಿ.

ಆಸ್ಟಾ


ಸ್ವಾನೆಕೆ
12 ಮಾರ್ಚ್ 1994

ಆಸ್ಟಾ,

ಏನೂ ಬರೆಯಬೇಡ. ಬರೆದಿದ್ದರೆ ಹರಿದುಹಾಕು. ನಾನು ಬರೆದು ಅಂಚೆಗೆ ಹಾಕಿಯಾಯಿತು.

ಪತ್ತೆ ಮಾಡಿದವರು ಇಬ್ಬರು, ಥೋರಾ ಕೋಫೋಡ್ ಮತ್ತು ಆಸ್ಟಾ, ಒಬ್ಬಳು ಸದ್ದು ಕೇಳಿದವಳು, ಒಬ್ಬಳು ಅಗೆದವಳು ಎಂದು ಬರೆದೆ. ಉಜ್ಜಿದವರೂ ಅವರಿಬ್ಬರೇ ಎಂದು ಬರೆದೆ. ಚೀಟಿ ಬದಲಾಯಿಸಿ ಎಂದು ಕೇಳಿದ್ದೇನೆ. ಸಂಘದ ನಿಯಮವಂತೆ! ನಿಯಮ ಮಾಡಿದವರಲ್ಲಿ ಯಾರಿಗೆ ಮಂಡಿ ನೋವಿತ್ತು? ನೀನು ಕೂರದಿದ್ದರೆ ಅದು ಇನ್ನೂ ಅಲ್ಲೇ ಇರುತ್ತಿತ್ತು.

ಇದನ್ನು ದೊಡ್ಡತನ ಎಂದು ತಿಳಿದು ಅಳಲು ಕೂರಬೇಡ. ನನಗೆ ಇನ್ನೂ ಕೋಪವಿದೆ, ಸಾಯುವವರೆಗೂ ಇರುತ್ತದೆ. ಆ ಇಬ್ಬರ ಮುಖ ಹೇಗಿತ್ತೋ ಎಂದು ದಿನಾ ಯೋಚಿಸುತ್ತೇನೆ. ಆದರೆ ಒಂಟಿ ಹೆಸರು ಗಾಜಿನ ಕೆಳಗೆ ಹೇಗೆ ಕಾಣುತ್ತದೆ ಎಂದೂ ಯೋಚಿಸಿದೆ. ನನಗೆ ಬೇಕಾಗಿದ್ದದ್ದು ಅದಲ್ಲ ಅನ್ನಿಸಿತು. ನೀನು ಹೋದದ್ದು ನನಗೆ ಇಷ್ಟವಿರಲಿಲ್ಲ. ಅದಕ್ಕೇ ಹಡಗುಕಟ್ಟೆಗೆ ಬರಲಿಲ್ಲ. ಅಷ್ಟೇ.

ಮಾರ್ಕರ್ ಹೊಲಕ್ಕೆ ಬನ್ನಿ ಅಂದಿದ್ದಾನೆ. "ಈ ಸಲ ಸಿಕ್ಕಿದ್ದನ್ನ ಮೊದ್ಲು ನನ್ ಕೈಗೆ ಕೊಡಿ, ನಾನೇ ತಗೊಂಡ್ ಹೋಗ್ತೀನಿ" ಎಂದು ಷರತ್ತು.

ಥೋರಾ


ಫ್ರೆಡರಿಕ್ಸ್‌ಹಾವ್ನ್
24 ಮಾರ್ಚ್ 1994

ಥೋರಾ,

ನಿನಗೆ ತಲೆ ಸರಿ ಇದೆಯಾ? ಜನ್ಮದಲ್ಲಿ ಒಂದು ಚಮಚವನ್ನಾದರೂ ಪಾಲಿಶ್ ಮಾಡಿದವಳೇ ನೀನು? ನಿನ್ನ ಮನೆಯ ಕೆಟಲ್ ನೋಡಿದವರು ಯಾರಾದರೂ ಈ ಮಾತು ನಂಬುತ್ತಾರೆಯೇ? ರಾಣಿಯ ಮ್ಯೂಸಿಯಂಗೆ ಸುಳ್ಳು ಬರೆದು, ಅದಕ್ಕೆ ಸಹಿ ಬೇರೆ ಹಾಕಿದ್ದೀಯಾ. ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ಎರಡು ದಿನ ನಿನ್ನನ್ನು ಬೈದುಕೊಂಡೇ ಅಡುಗೆ ಮಾಡಿದ್ದೇನೆ. ವಿಗ್ಗೋ ಉಪ್ಪು ಕಡಿಮೆಯಾದರೂ ಸುಮ್ಮನೆ ತಿಂದ.

ನಿನ್ನೆ ಕ್ರಾಗ್ ಅವರೇ ಫೋನು ಮಾಡಿದರು. ಅದೇ ಮೆಲ್ಲಗಿನ ದನಿ. "ಥೋರಾ ಅವ್ರ ಪತ್ರ ಬಂದಿದೆ. ಇಬ್ರೂ ಸೇರಿ ಉಜ್ಜಿದ್ದು ಅಂತ ಬರೆದಿದಾರೆ. ಆದ್ರೆ ಆಗ ನೀವು ಅಲ್ಲಿ, ಅವ್ರು ದ್ವೀಪದಲ್ಲಿ ಇದ್ರಲ್ವಾ? ಚೀಟಿ ಬದಲಾಯಿಸೋಕೆ ಮುಂಚೆ ನಿಮ್ಮನ್ನ ಕೇಳ್ಬೇಕು. ಇದು ನಿಜವಾ?"

ವಿಗ್ಗೋ ರೇಡಿಯೋ ಸದ್ದು ಕಡಿಮೆ ಮಾಡಿ ನನ್ನನ್ನೇ ನೋಡುತ್ತಿದ್ದ. ಚರ್ಚಿನ ಕೆಲಸದಲ್ಲಿದ್ದವಳು ನಾನು, ಸುಳ್ಳು ಹೇಳಿ ಅಭ್ಯಾಸವಿಲ್ಲ. ಈ ಸಲ ಕೈಚೀಲ ಎತ್ತಿಕೊಂಡು ಓಡಿಹೋಗಲು ಅದು ನನ್ನದೇ ಮನೆ.

"ನಿಜ ಸ್ವಾಮಿ" ಅಂದೆ. "ಅವಳು ಹಿಡ್ಕೊಂಡಿದ್ಲು, ನಾನು ಉಜ್ಜಿದೆ."

ಈಸ್ಟರ್ ಹಿಂದಿನ ಶನಿವಾರದ ಹಡಗಿಗೆ ಬರುತ್ತಿದ್ದೇನೆ. ಈ ಸಲವಾದರೂ ಹಡಗುಕಟ್ಟೆಗೆ ಬಾ.

ಆಸ್ಟಾ